ಹಳಿಗೆ ಹಣವಿದೆ, ರೈಲಿಗೂ ಇರಲಿ: ಮುಖ್ಯಮಂತ್ರಿಗಳಿಗೆ ಕೊಪ್ಪಳದಿಂದ ಒಂದು ಬಹಿರಂಗ ಪತ್ರ

ಕರ್ನಾಟಕ ಸರ್ಕಾರದ ಮಾನ್ಯ ಮುಖ್ಯಮಂತ್ರಿಗಳಿಗೆ ಕೊಪ್ಪಳ ಜಿಲ್ಲೆಯ ನಾಗರಿಕನೊಬ್ಬನ ಗೌರವಪೂರ್ವಕ ನಮಸ್ಕಾರಗಳು.

ವಿಷಯ: ಹುಬ್ಬಳ್ಳಿ, ಕೊಪ್ಪಳ, ಬಳ್ಳಾರಿ, ರಾಯಚೂರು ನಗರಗಳ ನಡುವೆ ನಿತ್ಯ ಪ್ರಯಾಣಿಕ ರೈಲುಗಳನ್ನು ಓಡಿಸುವ ವೆಚ್ಚಕ್ಕೆ ರಾಜ್ಯದ ಬಜೆಟ್‌ನಲ್ಲಿ ಹಣ ತೆಗೆದಿರಿಸುವ ಕುರಿತು.

ಮಾನ್ಯರೇ,

ರೈಲ್ವೆಯು ಸಂವಿಧಾನದ ಏಳನೆಯ ಅನುಸೂಚಿಯಲ್ಲಿ ಕೇಂದ್ರದ ಪಟ್ಟಿಗೆ ಸೇರಿದ ವಿಷಯ, ಅದಕ್ಕಾಗಿ ರಾಜ್ಯದ ಮುಖ್ಯಮಂತ್ರಿಗಳಿಗೆ ಪತ್ರ ಬರೆದು ಏನು ಪ್ರಯೋಜನ ಎಂದು ಇದನ್ನು ಓದುವ ಹಲವರು ಕೇಳಬಹುದು. ಅವರಿಗೆ ನಮ್ಮ ಜಿಲ್ಲೆಯ ಹಳಿಗಳನ್ನೇ ತೋರಿಸುತ್ತೇನೆ. ಗಿಣಿಗೇರಾದಿಂದ ಗಂಗಾವತಿ, ಕಾರಟಗಿ, ಸಿಂಧನೂರು ಮಾರ್ಗವಾಗಿ ರಾಯಚೂರಿಗೆ ಹೋಗಬೇಕಾದ ಮಾರ್ಗಕ್ಕೆ ಭೂಮಿಯನ್ನು ಉಚಿತವಾಗಿ ಕೊಟ್ಟದ್ದು ರಾಜ್ಯ ಸರ್ಕಾರ. ಕಾಮಗಾರಿಯ ವೆಚ್ಚದಲ್ಲಿ ಅರ್ಧ ಪಾಲನ್ನು ಒಪ್ಪಿಕೊಂಡದ್ದೂ ರಾಜ್ಯ ಸರ್ಕಾರವೇ. ಗದಗ–ವಾಡಿ ಮಾರ್ಗದ ಲೆಕ್ಕವೂ ಹೀಗೇ ಇದೆ. ಅಂದರೆ ರೈಲ್ವೆಗೆ ರಾಜ್ಯದ ಖಜಾನೆಯಿಂದ ಹಣ ಕೊಡಬಹುದೇ ಎಂಬ ಪ್ರಶ್ನೆ ಎಂದೋ ಇತ್ಯರ್ಥವಾಗಿದೆ. ಉಳಿದಿರುವುದು ಇಷ್ಟೇ: ಹಳಿ ಹಾಕುವುದಕ್ಕೆ ಕೊಡುವ ಹಣವನ್ನು, ಆ ಹಳಿಯ ಮೇಲೆ ಜನರ ರೈಲು ಓಡಿಸುವುದಕ್ಕೂ ಏಕೆ ಕೊಡಬಾರದು? ಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ, ಮತ್ತು ಅದಕ್ಕೆ ಈ ಭಾಗದಷ್ಟು ಬಲವಾದ ಹಕ್ಕು ರಾಜ್ಯದ ಇನ್ನಾವ ಭಾಗಕ್ಕೂ ಇಲ್ಲವೆಂದು ನಂಬಿದ್ದೇನೆ.

ಮುನಿರಾಬಾದ್–ಮೆಹಬೂಬ್‌ನಗರ ಯೋಜನೆ, ಅಂದರೆ ಈ ಗಿಣಿಗೇರಾ–ರಾಯಚೂರು ಮಾರ್ಗ ಸೇರಿರುವ ಯೋಜನೆ, ಮಂಜೂರಾದದ್ದು 1997-98ರಲ್ಲಿ. ಆಗ ಹುಟ್ಟಿದ ಮಗು ಓದು ಮುಗಿಸಿ ಕೆಲಸ ಹಿಡಿದ ಮೇಲೆ, 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ಮೊದಲ ರೈಲು ಬಂತು. ಆ ಕಡೆ ತೆಲಂಗಾಣದ ಭಾಗ ಪೂರ್ಣಗೊಂಡು 2023ರ ಅಕ್ಟೋಬರ್ 1ರಂದು ಜಕ್ಲೇರ್–ಕೃಷ್ಣಾ ಮಾರ್ಗದ ಉದ್ಘಾಟನೆಯಾಯಿತು, ಕಾಚಿಗುಡದಿಂದ ರಾಯಚೂರಿಗೆ ರೈಲೂ ಶುರುವಾಯಿತು. ನಡುವೆ ಸಿಂಧನೂರಿನಿಂದ ಮಾನ್ವಿ ಮಾರ್ಗವಾಗಿ ರಾಯಚೂರಿಗೆ ಕೂಡಬೇಕಾದ ಭಾಗ ಮಾತ್ರ ಇನ್ನೂ ಕಾಮಗಾರಿಯಲ್ಲೇ ಇದೆ. ತಳಕಲ್‌ನಿಂದ ಕುಷ್ಟಗಿಗೆ ಗದಗ–ವಾಡಿ ಮಾರ್ಗದ ಹಳಿ ಬಂದು 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಗೆ ರೈಲು ಹೊರಟಿತು. ಕುಷ್ಟಗಿಯಂಥ ಊರಿನ ಜನ ತಮ್ಮೂರಿನ ನಿಲ್ದಾಣದಲ್ಲಿ ರೈಲು ಹತ್ತುವುದನ್ನು ನೋಡುವುದು ನನ್ನಂಥವರಿಗೆ ಸಣ್ಣ ಸಂತೋಷವಲ್ಲ. ಇದಕ್ಕಾಗಿ ಹೋರಾಡಿದವರಿಗೂ ಹಣ ಕೊಟ್ಟ ಎರಡೂ ಸರ್ಕಾರಗಳಿಗೂ ಕೃತಜ್ಞತೆ ಹೇಳಿಯೇ ಮುಂದಿನ ಮಾತು ಆಡುತ್ತೇನೆ.

ಹಳಿ ಬಂದ ಮೇಲೆ ಅದರ ಮೇಲೆ ದಿನಕ್ಕೆ ಎಷ್ಟು ಪ್ರಯಾಣಿಕ ರೈಲು ಓಡಬೇಕು, ಯಾವ ಹೊತ್ತಿಗೆ ಓಡಬೇಕು, ಎಲ್ಲೆಲ್ಲಿ ನಿಲ್ಲಬೇಕು ಎಂಬುದನ್ನು ತೀರ್ಮಾನಿಸುವಾಗ ಅರ್ಧ ಹಣ ಹಾಕಿದ ರಾಜ್ಯಕ್ಕೆ ಮನವಿ ಸಲ್ಲಿಸುವ ಅವಕಾಶವಲ್ಲದೆ ಬೇರೆ ಅಧಿಕಾರವಿಲ್ಲ. ನಮ್ಮ ಶಾಸಕರು, ಸಂಸದರು, ವಾಣಿಜ್ಯ ಸಂಘಗಳು, ರೈಲು ಹೋರಾಟ ಸಮಿತಿಗಳು ಕೊಡುವ ಮನವಿಗಳಿಗೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: ವಾಣಿಜ್ಯ ದೃಷ್ಟಿಯಿಂದ ಸಮರ್ಥನೀಯವಲ್ಲ, ಅಥವಾ ರೇಕ್ (ಒಂದು ರೈಲಿಗೆ ಬೇಕಾದ ಬೋಗಿಗಳ ಜೋಡಣೆ) ಲಭ್ಯವಿಲ್ಲ. ಈ ಉತ್ತರ ಕೊಡುವ ಅಧಿಕಾರಿಯನ್ನು ನಾನು ದೂರುವುದಿಲ್ಲ. ನಷ್ಟವಾಗುವ ರೈಲನ್ನು ಹೆಚ್ಚಿಸಿದರೆ ಅವರ ವಿಭಾಗದ ಲೆಕ್ಕ ಕೆಡುತ್ತದೆ, ಆ ನಷ್ಟವನ್ನು ತುಂಬಿಕೊಡುವೆನೆಂದು ಹೇಳುವವರು ಯಾರೂ ಇಲ್ಲ. ಅದನ್ನು ಹೇಳುವವರು ರಾಜ್ಯ ಸರ್ಕಾರದವರಾಗಬೇಕು ಎಂಬುದಕ್ಕೇ ಈ ಪತ್ರ.

ಹಳಿಯಿದ್ದೂ ರೈಲಿಲ್ಲದ ಸ್ಥಿತಿ ಹೇಗಿರುತ್ತದೆ ಎಂಬುದನ್ನು ಬಲ್ಲವರು ಕೊಟ್ಟೂರು, ಹಗರಿಬೊಮ್ಮನಹಳ್ಳಿಯ ಜನ. ಹೊಸಪೇಟೆ–ಕೊಟ್ಟೂರು ಮಾರ್ಗ ಮೀಟರ್ ಗೇಜ್‌ನಲ್ಲಿದ್ದಾಗ ಅಲ್ಲಿ ಪ್ಯಾಸೆಂಜರ್ ಓಡುತ್ತಿತ್ತು. ಬ್ರಾಡ್ ಗೇಜ್ ಆದ ಮೇಲೆ ಎಷ್ಟೋ ವರ್ಷಗಳ ಕಾಲ ಅದಿರಿನ ಗೂಡ್ಸ್ ಗಾಡಿಗಳು ಮಾತ್ರ ಓಡಿದವು. ಪ್ರಗತಿಯ ಹೆಸರಿನಲ್ಲಿ ಹಳಿ ಅಗಲವಾಯಿತು, ಜನ ಮಾತ್ರ ಇದ್ದ ರೈಲನ್ನೂ ಕಳೆದುಕೊಂಡರು. ಧರಣಿ, ಬಂದ್, ಪಾದಯಾತ್ರೆಗಳ ನಂತರ 2019ರ ಅಕ್ಟೋಬರ್‌ನಲ್ಲಿ ಹೊಸಪೇಟೆ–ಹರಿಹರ ಪ್ಯಾಸೆಂಜರ್ ಬಂತು. ಹಳಿ ಇತ್ತು, ನಿಲ್ದಾಣಗಳಿದ್ದವು, ಸಿಗ್ನಲ್ ಇತ್ತು, ಸ್ಟೇಷನ್ ಮಾಸ್ಟರ್ ಇದ್ದರು. ಒಂದು ರೈಲಿನ ಓಡಾಟದ ಖರ್ಚಿಗೆ ಹೊಣೆಗಾರರಿರಲಿಲ್ಲ. ಸಂಡೂರಿನ ಗುಡ್ಡಗಳ ಕಡೆಗೆ ಹೋಗುವ ಕವಲು ಮಾರ್ಗಗಳು ಇವತ್ತಿಗೂ ಅದಿರು ತುಂಬುವುದಕ್ಕೆಂದೇ ಇರುವಂತಿವೆ.

ಕೊಪ್ಪಳದ ನಿಲ್ದಾಣದಲ್ಲಿ ಬೆಳಗಿನ ಹೊತ್ತು ಒಮ್ಮೆ ನಿಂತು ನೋಡಿದರೆ ರೈಲು ಯಾರಿಗೆ ಬೇಕು ಎಂಬುದನ್ನು ವಿವರಿಸಬೇಕಾಗಿಲ್ಲ. ಸ್ಕ್ಯಾನಿಂಗ್ ಕವರನ್ನು ಮಡಿಕೆ ಬೀಳದಂತೆ ಎದೆಗೊತ್ತಿ ಹಿಡಿದ ಮುದುಕರು ಹುಬ್ಬಳ್ಳಿಯ ಕಿಮ್ಸ್‌ಗೆ ಹೊರಟಿರುತ್ತಾರೆ. ಬೆಳಗಿನ ಗಾಡಿ ತಪ್ಪಿದರೆ ಓಪಿಡಿ ಚೀಟಿ ಕೊಡುವ ಹೊತ್ತು ಮೀರುತ್ತದೆ, ಆ ದಿನ ಹೋದಂತೆಯೇ. ಧಾರವಾಡದ ಹೈಕೋರ್ಟ್ ಪೀಠದಲ್ಲಿ ಪ್ರಕರಣ ಇರುವವರು ಕಾಗದದ ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದಿರುತ್ತಾರೆ. ಗದಗ, ಹೊಸಪೇಟೆ, ತೋರಣಗಲ್ಲಿನ ಕಡೆಗೆ ಕೆಲಸಕ್ಕೆ ಹೋಗುವ ಹುಡುಗರು, ಬಳ್ಳಾರಿಯ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಹುಲಿಗೆಮ್ಮನ ಹುಣ್ಣಿಮೆಗೆ ಮುನಿರಾಬಾದಿನಲ್ಲಿ ಇಳಿಯುವ ಹೆಣ್ಣುಮಕ್ಕಳು, ಗುಳೆ ಹೊರಟ ಸಂಸಾರಗಳು ಹೀಗೆ ಎಲ್ಲರೂ ಮುಂದಿನ ಮತ್ತು ಹಿಂದಿನ ಜನರಲ್ ಬೋಗಿಗಳ ಕಡೆಗೆ ಓಡುತ್ತಾರೆ. ಹರಿಪ್ರಿಯ, ಅಮರಾವತಿ, ಹಂಪಿ ಎಕ್ಸ್‌ಪ್ರೆಸ್‌ಗಳು ದೂರದ ಊರುಗಳಿಗಾಗಿ ಇರುವ ರೈಲುಗಳು. ಅವುಗಳ ವೇಳಾಪಟ್ಟಿಯನ್ನು ತಿರುಪತಿ, ಕೊಲ್ಹಾಪುರ, ಬೆಂಗಳೂರು, ಮೈಸೂರುಗಳಿಗೆ ಹೊಂದಿಸಿರುತ್ತಾರೆ, ಹಾಗೆ ಹೊಂದಿಸುವುದು ಸರಿಯೂ ಹೌದು. ಆದರೆ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರಬೇಕಾದವನ ರೈಲು ಬೇರೆಯೇ ಆಗಿರಬೇಕಾಗುತ್ತದೆ, ಅದು ಕಡಿಮೆಯಾಗಿರುವುದೇ ಇಲ್ಲಿನ ಕೊರತೆ.

ಆ ಬಗೆಯ ರೈಲನ್ನೇ ನಂಬಿದವರಿಗೆ ಕಳೆದ ವರ್ಷಗಳಲ್ಲಿ ಏನಾಯಿತೆಂಬುದನ್ನು ನೆನಪಿಸಬೇಕು. 2020ರ ಮಾರ್ಚ್‌ನಲ್ಲಿ ಕೊರೊನಾ ಕಾರಣಕ್ಕೆ ನಿಂತ ಪ್ಯಾಸೆಂಜರ್‌ಗಳು ಮರಳಿ ಬಂದದ್ದು ಎಕ್ಸ್‌ಪ್ರೆಸ್ ದರದೊಂದಿಗೆ. 10 ರೂಪಾಯಿ ಇದ್ದ ಕನಿಷ್ಠ ದರ 30 ರೂಪಾಯಿಯಾಯಿತು. ಹಳೆಯ ದರ ಮತ್ತೆ ಜಾರಿಗೆ ಬಂದದ್ದು 2024ರ ಫೆಬ್ರವರಿಯಲ್ಲಿ. ನಡುವಿನ ಆ ಅವಧಿಯಲ್ಲಿ ಭಾನಾಪುರದಿಂದ ಕೊಪ್ಪಳಕ್ಕೆ ಬರುವ ಕೂಲಿಯವನೂ ಎಕ್ಸ್‌ಪ್ರೆಸ್ ಪ್ರಯಾಣಿಕನ ಲೆಕ್ಕದಲ್ಲಿ ಹಣ ತೆತ್ತ. ದರ, ವೇಳೆ, ನಿಲುಗಡೆ ಇವುಗಳಲ್ಲಿ ಯಾವುದನ್ನೂ ಸ್ಥಳೀಯರ ಪರವಾಗಿ ಬರಹದಲ್ಲಿ ಕಟ್ಟಿಹಾಕುವ ಒಪ್ಪಂದ ಇಲ್ಲದಿದ್ದುದರಿಂದಲೇ ಅದು ಅಷ್ಟು ಸಲೀಸಾಗಿ ನಡೆದುಹೋಯಿತು.

ಈಗ ಹಣದ ಲೆಕ್ಕಕ್ಕೆ ಬರುತ್ತೇನೆ, ಏಕೆಂದರೆ ಇಡೀ ವಿಷಯ ನಿಂತಿರುವುದು ಅದರ ಮೇಲೆ. ಪ್ರಯಾಣಿಕರ ಟಿಕೆಟ್‌ಗೆ ಸರಾಸರಿ 46 ಶೇಕಡಾ ರಿಯಾಯಿತಿ ಇದೆ, 100 ರೂಪಾಯಿ ವೆಚ್ಚದ ಪ್ರಯಾಣಕ್ಕೆ 54 ರೂಪಾಯಿ ಮಾತ್ರ ಪಡೆಯಲಾಗುತ್ತಿದೆ, ಹೀಗೆ ವರ್ಷಕ್ಕೆ ಒಟ್ಟು 56,993 ಕೋಟಿ ರೂಪಾಯಿ ಸಹಾಯಧನ ಹೋಗುತ್ತಿದೆ ಎಂದು ರೈಲ್ವೆ ಸಚಿವರು 2024ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ತಿಳಿಸಿದ್ದಾರೆ. ಈ ಹಣ ಎಲ್ಲಿಂದ ಬರುತ್ತದೆ? ಬಹುಪಾಲು ಸರಕು ಸಾಗಣೆಯ ಲಾಭದಿಂದ. ಕಲ್ಲಿದ್ದಲು, ಅದಿರು, ಉಕ್ಕು, ಸಿಮೆಂಟ್ ಹೊತ್ತ ಗಾಡಿಗಳು ಗಳಿಸಿದ್ದನ್ನು ಪ್ರಯಾಣಿಕ ರೈಲುಗಳ ನಷ್ಟಕ್ಕೆ ಹೊಂದಿಸುವ ಈ ಪದ್ಧತಿಯ ಬಗ್ಗೆ ಮಹಾಲೇಖಪಾಲರ ವರದಿಗಳು ಪದೇಪದೇ ಬರೆದಿವೆ.

ಸರಕಿನ ಆ ಲಾಭ ಹುಟ್ಟುವ ಜಾಗಗಳಲ್ಲಿ ನಮ್ಮದೂ ಒಂದು. ಸಂಡೂರು, ಹೊಸಪೇಟೆ ಸುತ್ತಲಿನ ಅದಿರು, ದೋಣಿಮಲೈನ ಗಣಿ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬರುವ ಕಲ್ಲಿದ್ದಲು ಮತ್ತು ಅಲ್ಲಿಂದ ಹೊರಡುವ ಉಕ್ಕು, ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳ ಸರಕು, ಶಕ್ತಿನಗರದ 1,720 ಮೆಗಾವ್ಯಾಟ್ ಶಾಖೋತ್ಪನ್ನ ಕೇಂದ್ರವೂ ಯರಮರಸ್ ಹಾಗೂ ಕುಡಿತಿನಿಯ ಕೇಂದ್ರಗಳೂ ಉರಿಸುವ ಕಲ್ಲಿದ್ದಲು, ಗಂಗಾವತಿ–ಸಿಂಧನೂರು ಭಾಗದ ಅಕ್ಕಿ ಇವೆಲ್ಲ ಸೇರಿದರೆ ಈ ಮೂರು ನಾಲ್ಕು ಜಿಲ್ಲೆಗಳು ರೈಲ್ವೆಗೆ ಎಂಥ ಗಿರಾಕಿಗಳು ಎಂಬುದು ತಿಳಿಯುತ್ತದೆ. ಗಿಣಿಗೇರಾದಲ್ಲಿ 58 ವ್ಯಾಗನ್ನಿನ ಗೂಡ್ಸ್ ಒಂದು ಪೂರ್ತಿ ಹಾದುಹೋಗುವವರೆಗೆ ಪ್ಲಾಟ್‌ಫಾರ್ಮ್ ಅಂಚಿನಿಂದ ಹಿಂದೆ ಸರಿದು ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಲ್ಲುವ ಹೆಂಗಸರಿಗೆ ಈ ಲೆಕ್ಕ ಗೊತ್ತಿಲ್ಲದಿರಬಹುದು. ಆ ಗಾಡಿ ಹಾರಿಸಿದ ಧೂಳು ಮಾತ್ರ ಅವರ ಪಾಲಿಗೇ ಬಂದಿದೆ. ಸರಕಿನ ಲಾಭದಿಂದ ದೇಶದ ಬಡ ಪ್ರಯಾಣಿಕರ ಟಿಕೆಟ್ ಅಗ್ಗವಾಗುವುದನ್ನು ನಾನು ಮನಸಾರೆ ಒಪ್ಪುತ್ತೇನೆ, ಅದು ನಿಲ್ಲಬಾರದು. ಆದರೆ ಆ ಸಹಾಯಧನ ತಲುಪುವುದು ರೈಲು ಹತ್ತಿದವನಿಗೆ ಮಾತ್ರ. ಎಲ್ಲಿ ರೈಲುಗಳು ಹೆಚ್ಚಿವೆಯೋ ಅಲ್ಲಿ ಸಹಾಯಧನವೂ ಹೆಚ್ಚು, ಎಲ್ಲಿ ಗೂಡ್ಸ್ ಗಾಡಿಗಳೇ ಹೆಚ್ಚೋ ಅಲ್ಲಿನವರು ಕೊಡುವವರಾಗಿಯೇ ಉಳಿಯುತ್ತಾರೆ. ನಮ್ಮ ಭಾಗದ ಹಣ ನಮ್ಮ ಭಾಗಕ್ಕೆ ರೈಲಿನ ರೂಪದಲ್ಲಿ ಮರಳಿ ಬರುವ ದಾರಿ ಈಗಿನ ವ್ಯವಸ್ಥೆಯಲ್ಲಿ ಇಲ್ಲ.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ತಮ್ಮ ಹಣಕಾಸು ಇಲಾಖೆಯವರು ಗಮನವಿಟ್ಟು ನೋಡಬೇಕು. ಪ್ರಯಾಣಿಕ ರೈಲುಗಳಿಂದ ನಷ್ಟ ಎಂದು ಹೇಳುವಾಗ ಹಳಿ, ಸೇತುವೆ, ಸಿಗ್ನಲ್, ನಿಲ್ದಾಣ, ಕಚೇರಿ, ಪಿಂಚಣಿ ಇವೆಲ್ಲದರ ಒಟ್ಟು ವೆಚ್ಚವನ್ನು ಸರಕು ಮತ್ತು ಪ್ರಯಾಣಿಕ ಎಂದು ಹಂಚಿ ಲೆಕ್ಕ ಹಾಕುತ್ತಾರೆ. ಇಡೀ ಸಂಸ್ಥೆಯ ಜಮಾ ಖರ್ಚಿಗೆ ಅದು ಸರಿಯಾದ ಕ್ರಮವೇ. ಆದರೆ ಹುಬ್ಬಳ್ಳಿಯಿಂದ ಬಳ್ಳಾರಿಗೆ ಇನ್ನೊಂದು ಮೆಮು (ಹತ್ತಿರದ ಊರುಗಳ ನಡುವೆ ಓಡುವ ವಿದ್ಯುತ್) ರೈಲು ಓಡಿಸಿದರೆ ಹೆಚ್ಚಾಗುವ ಖರ್ಚು ಯಾವುದು? ಲೋಕೋ ಪೈಲಟ್ ಮತ್ತು ಗಾರ್ಡ್‌ಗಳ ಸಂಬಳ, ಎಳೆಯುವ ವಿದ್ಯುತ್ತು, ಬೋಗಿಗಳನ್ನು ತೊಳೆದು ದುರಸ್ತಿಯಲ್ಲಿಡುವ ಖರ್ಚು, ರೇಕ್‌ನ ಬೆಲೆ, ಹಳಿಯ ಸವಕಳಿಯಲ್ಲಿ ಅದರ ಪಾಲು. ಉಳಿದದ್ದೆಲ್ಲ ಗೂಡ್ಸ್ ಗಾಡಿಗಳಿಗಾಗಿ ಹೇಗಿದ್ದರೂ ಇರಲೇಬೇಕಾದದ್ದು. ಹುಬ್ಬಳ್ಳಿ–ಹೊಸಪೇಟೆ ಮಾರ್ಗ ಜೋಡಿ ಹಳಿಯಾಗಿದೆ, ಗುಂತಕಲ್‌ವರೆಗೂ ವಿದ್ಯುತ್ ತಂತಿ ಎಳೆದಾಗಿದೆ. ವಾಸ್ಕೋ ಬಂದರಿನ ಸರಕಿಗಾಗಿ ಮಾಡಿದ ಈ ಹೂಡಿಕೆಯ ಮೇಲೆ ಪ್ರಯಾಣಿಕ ರೈಲು ಓಡಿಸುವ ಹೆಚ್ಚುವರಿ ವೆಚ್ಚ, ಒಟ್ಟು ವೆಚ್ಚವನ್ನು ಹಂಚಿ ತೋರಿಸುವ ಅಂಕಿಗಿಂತ ಬಹಳ ಕಡಿಮೆ ಇರುತ್ತದೆ. ರಾಜ್ಯವು ತುಂಬಿಕೊಡಬೇಕಾದದ್ದು ಈ ಹೆಚ್ಚುವರಿ ವೆಚ್ಚದಲ್ಲಿ ಟಿಕೆಟ್ ಆದಾಯ ಕಳೆದು ಉಳಿಯುವ ಮೊತ್ತವನ್ನು ಮಾತ್ರ. ಈ ವಿಂಗಡಣೆಯನ್ನು ಮಾಡದೆ ರಾಜ್ಯವು ಮಾತುಕತೆಗೆ ಕೂರಬಾರದು. ರೈಲ್ವೆಯ ವಾಣಿಜ್ಯ ವೆಚ್ಚವನ್ನೂ ಸಾಮಾಜಿಕ ಹೊಣೆಯ ವೆಚ್ಚವನ್ನೂ ಬೇರೆಬೇರೆಯಾಗಿ ಲೆಕ್ಕವಿಟ್ಟು, ಎರಡನೆಯದನ್ನು ಸರ್ಕಾರ ತುಂಬಿಕೊಡಬೇಕು ಎಂಬ ವಿಚಾರ 2015ರ ಬಿಬೇಕ್ ದೇಬರಾಯ್ ಸಮಿತಿಯ ಶಿಫಾರಸುಗಳಲ್ಲಿಯೂ ಇದೆ. 2017ರಲ್ಲಿ ರೈಲ್ವೆ ಬಜೆಟ್ ಸಾಮಾನ್ಯ ಬಜೆಟ್‌ನಲ್ಲಿ ಸೇರಿಹೋಯಿತು. ಆದರೆ ಈ ಲೆಕ್ಕ ಮಾರ್ಗವಾರು ಬೇರೆಯಾಗಿ ಜನರ ಮುಂದೆ ಬಂದಿಲ್ಲ.

ಸಾರ್ವಜನಿಕ ಹಣದಿಂದ ರೈಲು ಓಡಿಸುವ ಯೋಚನೆ ಈ ನೆಲಕ್ಕೆ ಹೊಸದೂ ಅಲ್ಲ. 1876ರಿಂದ 1878ರವರೆಗಿನ ಬರಗಾಲದಲ್ಲಿ ಬಳ್ಳಾರಿ ಸೀಮೆಯಲ್ಲಿ ಜನ ಸತ್ತ ರೀತಿಯನ್ನು ಕಂಡ ಮೇಲೆ, ಧಾನ್ಯ ಸಾಗಿಸಲು ರೈಲು ಮಾರ್ಗಗಳಿದ್ದರೆ ಇಷ್ಟು ಸಾವು ಸಂಭವಿಸುತ್ತಿರಲಿಲ್ಲವೆಂಬ ತಿಳಿವಳಿಕೆ ಮೂಡಿ, ಲಾಭ ನೋಡದೆ ಹಾಕುವ ಬರ ನಿವಾರಣಾ ಮಾರ್ಗಗಳು ಎಂಬ ವರ್ಗವೇ ಹುಟ್ಟಿತು. 1882ರಲ್ಲಿ ಸ್ಥಾಪನೆಯಾದ ಸದರ್ನ್ ಮರಾಠಾ ರೈಲ್ವೆಗೆ ಸರ್ಕಾರ ಆದಾಯದ ಖಾತರಿ ಕೊಟ್ಟಿತು, ಗದಗಿನಿಂದ ಪೂರ್ವಕ್ಕೆ ಹೊಸಪೇಟೆ, ಬಳ್ಳಾರಿಗಳನ್ನು ಕೂಡಿಸುವ ಮಾರ್ಗ ಬಂದದ್ದು ಆ ವ್ಯವಸ್ಥೆಯಲ್ಲಿ. ಸಾಲಾರ್‌ಜಂಗರ ಜಹಗೀರಿಯಾಗಿದ್ದ ಕೊಪ್ಪಳ ರೈಲು ಕಂಡದ್ದೂ ಹಾಗೆಯೇ. ವಸಾಹತು ಸರ್ಕಾರವೇ ಈ ಬಯಲು ಸೀಮೆಯ ರೈಲನ್ನು ಬರಿಯ ಲಾಭ ನಷ್ಟದ ತಕ್ಕಡಿಯಲ್ಲಿ ತೂಗಲಿಲ್ಲ. ನಮ್ಮದೇ ಚುನಾಯಿತ ಸರ್ಕಾರಗಳು ಅದಕ್ಕಿಂತ ಕಡಿಮೆ ಕಾಳಜಿ ತೋರಬಾರದು.

ಇನ್ನು ರಾಜ್ಯ ಸರ್ಕಾರಕ್ಕೆ ಇದು ಹೊಸ ಕೆಲಸವೇ ಎಂದರೆ, ಅದೂ ಅಲ್ಲ. 2022ರ ನವೆಂಬರ್‌ನಲ್ಲಿ ಕರ್ನಾಟಕದ ಮುಜರಾಯಿ ಇಲಾಖೆ ಭಾರತ್ ಗೌರವ್ ಯೋಜನೆಯಡಿ ರೈಲನ್ನೇ ಗುತ್ತಿಗೆಗೆ ಪಡೆದು ಕಾಶಿ ಯಾತ್ರೆಗೆ ಓಡಿಸಿತು, ಪ್ರತಿ ಯಾತ್ರಿಕರಿಗೆ 5,000 ರೂಪಾಯಿ ಸಹಾಯಧನವನ್ನೂ ಕೊಟ್ಟಿತು. ರಾಜ್ಯವೊಂದು ರೈಲ್ವೆಯಿಂದ ರೈಲು ಪಡೆದು, ದರದ ಒಂದು ಭಾಗವನ್ನು ತಾನು ಹೊತ್ತು ಓಡಿಸುವುದಕ್ಕೆ ಕಾನೂನಿನ ಅಡ್ಡಿಯಿಲ್ಲವೆಂದು ಅದರಿಂದ ಸ್ಪಷ್ಟವಾಗಿದೆ. ಕಾಶಿಗೆ ಹೋಗುವ ಯಾತ್ರಿಕನಿಗೆ ಕೊಟ್ಟ ನೆರವನ್ನು ಕಿಮ್ಸ್‌ಗೆ ಹೋಗುವ ರೋಗಿಗೂ ಕೊಡಿ ಎಂದು ಕೇಳುವುದು ಅತಿಯಾಗಲಾರದು. ಬೆಂಗಳೂರಿನ ಉಪನಗರ ರೈಲಿಗೆ, ಅಂದರೆ 148 ಕಿಲೋಮೀಟರ್‌ನ 15,767 ಕೋಟಿ ರೂಪಾಯಿ ಯೋಜನೆಗೆ, ರಾಜ್ಯವು ಕೇಂದ್ರದಷ್ಟೇ ಶೇಕಡಾ 20ರ ಪಾಲು ಹಾಕುತ್ತಿದೆ. ಅದು ಆ ನಗರಕ್ಕೆ ಬೇಕಾದದ್ದೇ, ಅದನ್ನು ಕಡಿಮೆ ಮಾಡಿ ನಮಗೆ ಕೊಡಿ ಎಂದು ನಾನು ಕೇಳುತ್ತಿಲ್ಲ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ಮಹಿಳೆಯರ ಬಸ್ ಪ್ರಯಾಣದ ಹಣವನ್ನು ಸರ್ಕಾರ ಸಾರಿಗೆ ನಿಗಮಗಳಿಗೆ ತುಂಬಿಕೊಡುತ್ತಿದೆ. ಸಂಚಾರ ಸೇವೆಯ ನಿತ್ಯದ ಖರ್ಚಿಗೆ ಖಜಾನೆಯ ಹಣ ಕೊಡುವ ತತ್ವವನ್ನು ತಮ್ಮ ಸರ್ಕಾರವೇ ದೊಡ್ಡ ಪ್ರಮಾಣದಲ್ಲಿ ಒಪ್ಪಿಕೊಂಡಿದೆ ಎಂದೇ ಅದರ ಅರ್ಥ.

ರೇಕ್ ಇಲ್ಲವೆಂಬ ಉತ್ತರಕ್ಕೂ ಪರಿಹಾರ ರೈಲ್ವೆಯ ನಿಯಮಗಳಲ್ಲೇ ಸಿಗುತ್ತದೆ. 2018ರಿಂದ ಇರುವ ವ್ಯಾಗನ್ ಹೂಡಿಕೆ ಯೋಜನೆಯಲ್ಲಿ ಖಾಸಗಿ ಕಂಪನಿಗಳು ತಮ್ಮ ಹಣದಿಂದ ವ್ಯಾಗನ್ ರೇಕ್‌ಗಳನ್ನು ಕೊಂಡು ರೈಲ್ವೆಯ ಹಳಿಯ ಮೇಲೆ ಓಡಿಸಿಕೊಳ್ಳುತ್ತವೆ, ಸಾಗಣೆ ದರದಲ್ಲಿ ರಿಯಾಯಿತಿಯನ್ನೂ ಪಡೆಯುತ್ತವೆ. ಅದಿರಿಗಾಗಿ ಒಂದು ಕಂಪನಿ ರೇಕ್ ಕೊಳ್ಳಬಹುದಾದರೆ, ಜನರಿಗಾಗಿ ಒಂದು ರಾಜ್ಯ ಮೆಮು ರೇಕ್ ಕೊಂಡು ರೈಲ್ವೆಯ ಕೈಗೆ ಒಪ್ಪಿಸಿ ಇಂಥ ಮಾರ್ಗದಲ್ಲೇ ಓಡಿಸಿ ಎಂದು ಒಪ್ಪಂದ ಮಾಡಿಕೊಳ್ಳುವುದಕ್ಕೆ ಏನು ತೊಡಕು? ಜರ್ಮನಿಯಲ್ಲಿ 1996ರಿಂದ ಇದೇ ಬಗೆಯ ಪದ್ಧತಿಯಿದೆ: ಕೇಂದ್ರ ಸರ್ಕಾರ ರಾಜ್ಯಗಳಿಗೆ ಹಣ ಕೊಡುತ್ತದೆ, ರಾಜ್ಯಗಳು ತಮ್ಮ ಪ್ರಾದೇಶಿಕ ರೈಲುಗಳ ವೇಳೆ, ಸಂಖ್ಯೆ, ಗುಣಮಟ್ಟ ನಿಗದಿ ಮಾಡಿ ಓಡಿಸುವವರೊಂದಿಗೆ ಕರಾರು ಮಾಡಿಕೊಳ್ಳುತ್ತವೆ. ಅಮೆರಿಕದಲ್ಲಿ 2008ರ ಕಾಯ್ದೆಯ ಪ್ರಕಾರ 750 ಮೈಲಿಗಿಂತ ಕಡಿಮೆ ದೂರ ಓಡುವ, ಅಲ್ಲಿನ ರಾಷ್ಟ್ರೀಯ ಪ್ರಯಾಣಿಕ ರೈಲು ಸಂಸ್ಥೆಯಾದ ಆಮ್‌ಟ್ರಾಕ್ ರೈಲುಗಳ ವೆಚ್ಚದಲ್ಲಿ ರಾಜ್ಯಗಳು ಪಾಲು ಕೊಡಬೇಕು. ಕೊಟ್ಟ ರಾಜ್ಯಕ್ಕೆ ತನ್ನ ರೈಲಿನ ಬಗ್ಗೆ ಮಾತನಾಡುವ ಅಧಿಕಾರವೂ ಇರುತ್ತದೆ. ಆ ದೇಶಗಳ ಶ್ರೀಮಂತಿಕೆ ಬೇರೆ. ಹಣ ಕೊಡುವವರು ಸೇವೆಯ ಷರತ್ತನ್ನು ಬರೆಯುತ್ತಾರೆಂಬ ಕ್ರಮವನ್ನು ಮಾತ್ರ ನಾವು ನೋಡಿ ಕಲಿಯಬಹುದು.

ಹಣದ ಮೂಲದ ಬಗ್ಗೆ. ಸಂವಿಧಾನದ 371(ಜೆ) ವಿಧಿಯ ಬಲದಿಂದ ಬಂದ ಕಲ್ಯಾಣ ಕರ್ನಾಟಕ ಪ್ರದೇಶ ಅಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಆ ಹಣದಲ್ಲಿ ಕಟ್ಟಡ ಮತ್ತು ರಸ್ತೆಗಳಿಗೆ ಹೋಗುವಷ್ಟು ಸೇವೆಗಳಿಗೆ ಹೋಗುತ್ತಿಲ್ಲವೆಂಬ ಕೊರಗು ಈ ಭಾಗದವರಲ್ಲಿ ಇದೆ. ಅದರ ಒಂದು ಸಣ್ಣ ಪಾಲನ್ನು ರೈಲು ಓಡಾಟದ ಖರ್ಚಿಗೆಂದು ಮೀಸಲಿಟ್ಟರೆ, ಶಂಕುಸ್ಥಾಪನೆಯ ಕಲ್ಲು ಇಲ್ಲದಿದ್ದರೂ ದಿನಾ ಬೆಳಗಾದರೆ ಕಾಣುವ ಕೆಲಸವೊಂದು ಆಗುತ್ತದೆ. ಎರಡನೆಯದು ಜಿಲ್ಲಾ ಖನಿಜ ಪ್ರತಿಷ್ಠಾನಗಳ ನಿಧಿ. ಗಣಿ ಕಾಯ್ದೆಗೆ 2015ರಲ್ಲಿ ಮಾಡಿದ ತಿದ್ದುಪಡಿಯಂತೆ ಗಣಿ ಗುತ್ತಿಗೆದಾರರು ರಾಜಧನದ ಮೇಲೆ, ಗುತ್ತಿಗೆಯ ಬಗೆಯನ್ನು ನೋಡಿ, ಶೇಕಡಾ 10 ಅಥವಾ 30ರಷ್ಟು ಹಣವನ್ನು ಈ ನಿಧಿಗೆ ಕಟ್ಟುತ್ತಾರೆ. ಪ್ರಧಾನಮಂತ್ರಿ ಖನಿಜ ಕ್ಷೇತ್ರ ಕಲ್ಯಾಣ ಯೋಜನೆಯ ಮಾರ್ಗಸೂಚಿಯಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣಕ್ಕೆ ಮೊದಲ ಆದ್ಯತೆಯಿದೆ, ಅದು ಹಾಗೆಯೇ ಇರಬೇಕು. ಉಳಿದ ಭಾಗದಲ್ಲಿ ಭೌತಿಕ ಮೂಲಸೌಕರ್ಯದ ಪಟ್ಟಿಯಲ್ಲಿ ರಸ್ತೆ, ಸೇತುವೆಗಳ ಜೊತೆಗೆ ರೈಲ್ವೆಯ ಹೆಸರೂ ಇದೆ. ಈ ಹಣದಿಂದ ನಿತ್ಯದ ಖರ್ಚು ನಡೆಸುವುದು ಕಷ್ಟವಾದರೂ ಸಣ್ಣ ನಿಲ್ದಾಣಗಳಿಗೆ ನೆರಳು, ನೀರು, ಎತ್ತರದ ಪ್ಲಾಟ್‌ಫಾರ್ಮ್ ಒದಗಿಸಬಹುದು. ನಿಯಮ ಒಪ್ಪಿದರೆ ರೇಕ್ ಕೊಳ್ಳುವುದಕ್ಕೂ ಬಳಸಬಹುದು. ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಇವುಗಳ ಜೊತೆಗೆ, ಸುಪ್ರೀಂ ಕೋರ್ಟ್ ಆದೇಶದಂತೆ ಅದಿರು ಮಾರಾಟದ ಹಣದಿಂದ ಕೂಡಿಬಂದ, ಗಣಿ ಬಾಧಿತ ಪ್ರದೇಶದ ಪುನಶ್ಚೇತನದ ಸುಮಾರು 25,000 ಕೋಟಿ ರೂಪಾಯಿಯ ಯೋಜನೆಯೂ ಇದೆ. ಗಣಿಗಾರಿಕೆಯಿಂದ ನೊಂದ ಜನರ ಬದುಕನ್ನು ಸುಧಾರಿಸುವುದೇ ಅದರ ಗುರಿಯಾದ್ದರಿಂದ, ಅದಿರಿನ ಹಳಿಯ ಮೇಲೆ ಅದೇ ಜನರಿಗೊಂದು ರೈಲು ಕೊಡುವ ಪ್ರಸ್ತಾವವನ್ನು ನ್ಯಾಯಾಲಯದ ಮುಂದಿಡಲು ಸರ್ಕಾರ ಹಿಂಜರಿಯಬೇಕಾಗಿಲ್ಲ.

ಯಾವ ರೈಲುಗಳು ಎಂಬುದನ್ನು ತಜ್ಞರು ನಿರ್ಧರಿಸಲಿ, ಆದರೆ ಇಲ್ಲಿ ವಾಸಿಸುವವನಾಗಿ ಕೆಲವು ಮಾತು ಹೇಳುತ್ತೇನೆ. ಹುಬ್ಬಳ್ಳಿ–ಬಳ್ಳಾರಿ ನಡುವೆ ಎರಡೂ ಕಡೆಯಿಂದ ಬೆಳಿಗ್ಗೆ ಹೊರಟು ಹತ್ತು ಗಂಟೆಯೊಳಗೆ ಮುಟ್ಟಿಸುವ, ಸಂಜೆ ಕಚೇರಿ ಮುಗಿದ ಮೇಲೆ ಮರಳುವ ಮೆಮು ರೈಲುಗಳು ಮೊದಲು ಬರಬೇಕು. ಸಿಂಧನೂರು, ಕಾರಟಗಿ, ಗಂಗಾವತಿಗಳ ರೈಲುಗಳು ಗಿಣಿಗೇರಾದಲ್ಲಿ ಹೊಸಪೇಟೆ ಕಡೆಯ ರೈಲಿಗೆ ಹೊಂದಿಕೊಳ್ಳಬೇಕು. ಈಗ ಗಂಗಾವತಿಯವರು ಬಳ್ಳಾರಿಗೆ ಹೋಗಲು ರೈಲಿನ ಬಗ್ಗೆ ಯೋಚಿಸುವುದೇ ಇಲ್ಲ. ಇನ್ನು ಕಲಬುರಗಿ. ಕಲ್ಯಾಣ ಕರ್ನಾಟಕದ ಮಂಡಳಿಯೂ ಪ್ರಾದೇಶಿಕ ಆಯುಕ್ತರ ಕಚೇರಿಯೂ ಇರುವ ಆ ಊರಿಗೆ ಕೊಪ್ಪಳದಿಂದ ರೈಲಿನಲ್ಲಿ ಹೋಗಬೇಕಾದರೆ ಬಳ್ಳಾರಿ ದಾಟಿ ಆಂಧ್ರದ ಗುಂತಕಲ್‌ಗೆ ಹೋಗಿ, ಅಲ್ಲಿಂದ ರಾಯಚೂರು, ವಾಡಿ ಮಾರ್ಗವಾಗಿ ಸುತ್ತಬೇಕು. ಗದಗ–ವಾಡಿ ಮಾರ್ಗ ಲಿಂಗಸುಗೂರು, ಸುರಪುರ, ಶಹಾಪುರಗಳನ್ನು ಮುಟ್ಟಿ ಪೂರ್ಣಗೊಂಡರೆ, ಸಿಂಧನೂರು–ರಾಯಚೂರು ಭಾಗ ಕೂಡಿದರೆ, ಈ ಸುತ್ತು ತಪ್ಪುತ್ತದೆ. ಆ ದಿನ ಬಂದಾಗ ಹಳಿಯಿದೆ, ರೈಲಿಲ್ಲ ಎಂಬ ಕೊಟ್ಟೂರಿನ ಕತೆ ಮರುಕಳಿಸಬಾರದೆಂದರೆ ಓಡಾಟದ ಒಪ್ಪಂದವನ್ನು ಕಾಮಗಾರಿಯ ಜೊತೆಯಲ್ಲೇ ಮಾಡಿಕೊಳ್ಳಬೇಕು. ಬೆಂಗಳೂರು–ಕಲಬುರಗಿ ವಂದೇ ಭಾರತ್ 2024ರ ಮಾರ್ಚ್‌ನಿಂದ ರಾಯಚೂರಿನಲ್ಲಿ ನಿಲ್ಲುತ್ತಿದೆ, ಒಳ್ಳೆಯದು. ರಾಯಚೂರಿನಿಂದ ಯಾದಗಿರಿಗೋ ಕಲಬುರಗಿಗೋ ದಿನವೂ ಓಡಾಡುವವರಿಗೆ ಬೇಕಾದದ್ದು ಅದರ ಜೊತೆಗೆ ಅಗ್ಗದ ದರದ, ನಂಬಬಹುದಾದ ವೇಳೆಯ ಸಾದಾ ರೈಲು.

ಈ ಪ್ರಸ್ತಾವಕ್ಕೆ ಬರಬಹುದಾದ ಆಕ್ಷೇಪಗಳಲ್ಲಿ ಒಂದನ್ನು ನಾನು ಹಗುರವಾಗಿ ತೆಗೆದುಕೊಂಡಿಲ್ಲ. ಕೇಂದ್ರವು ಮಾಡಬೇಕಾದ ಕೆಲಸಕ್ಕೆ ರಾಜ್ಯ ಹಣ ಕೊಡತೊಡಗಿದರೆ ನಾಳೆ ಎಲ್ಲ ನಷ್ಟದ ರೈಲುಗಳ ಹೊರೆಯನ್ನೂ ರಾಜ್ಯದ ತಲೆಗೆ ಕಟ್ಟುವರು, ತೆರಿಗೆ ಪಾಲಿನಲ್ಲಿ ಈಗಾಗಲೇ ಅನ್ಯಾಯವಾಗಿದೆ ಎನ್ನುವ ಕರ್ನಾಟಕ ಇದನ್ನು ಒಪ್ಪಬಾರದು ಎಂಬ ವಾದದಲ್ಲಿ ಹುರುಳಿದೆ. ಆದ್ದರಿಂದಲೇ ಒಪ್ಪಂದದಲ್ಲಿ ಈಗ ಓಡುತ್ತಿರುವ ಯಾವ ರೈಲೂ ಸೇರಬಾರದು. ಇರುವ ರೈಲುಗಳ ಸಂಖ್ಯೆ ಕೇಂದ್ರದ ಹೊಣೆಯಾಗಿಯೇ ಉಳಿಯಬೇಕು. ರಾಜ್ಯದ ಹಣ ಹೊಸದಾಗಿ ಸೇರುವ ರೈಲುಗಳಿಗೆ ಮಾತ್ರ, ನಿಗದಿತ ಅವಧಿಗೆ, ಪ್ರಕಟಿತ ದರದಲ್ಲಿ ಹೋಗಬೇಕು. ರೈಲು ತಡವಾದರೆ, ರದ್ದಾದರೆ, ಗೂಡ್ಸ್‌ಗೆ ದಾರಿ ಬಿಡಲು ಲೂಪ್ ಹಳಿಯಲ್ಲಿ ನಿಂತರೆ ಆ ದಿನದ ಹಣ ಕಡಿತವಾಗಬೇಕು. ಒಪ್ಪಂದದ ಪ್ರತಿ ಕನ್ನಡದಲ್ಲಿ ಪ್ರತಿ ನಿಲ್ದಾಣದ ಟಿಕೆಟ್ ಕೌಂಟರಿನ ಪಕ್ಕ ಅಂಟಿಸಿರಬೇಕು. ಇಂಥ ಷರತ್ತುಗಳಿಲ್ಲದ ಹಣ ಕೊಡಬೇಡಿ ಎಂದು ನಾನೇ ಹೇಳುತ್ತೇನೆ.

ಸಾರಿಗೆ ಬಸ್ಸುಗಳ ಆದಾಯಕ್ಕೆ ಹೊಡೆತ ಬೀಳುತ್ತದೆಂಬ ಭಯ ನಿಜವಾಗಲಾರದು. ಹಳ್ಳಿಯಿಂದ ನಿಲ್ದಾಣಕ್ಕೆ ಬರುವವರಿಗೆ ಬಸ್ಸೇ ಬೇಕು.

ಕೇಂದ್ರದ ಮಾನ್ಯ ರೈಲ್ವೆ ಸಚಿವರಿಗೂ ಈ ಪತ್ರದ ಪ್ರತಿಯನ್ನು ಕಳುಹಿಸುತ್ತಿದ್ದೇನೆ. ಕರ್ನಾಟಕಕ್ಕೆ 2025-26ರ ಬಜೆಟ್‌ನಲ್ಲಿ 7,564 ಕೋಟಿ ರೂಪಾಯಿ ಒದಗಿಸಿದ್ದನ್ನೂ, 2025ರ ಜೂನ್‌ನಲ್ಲಿ 185 ಕಿಲೋಮೀಟರ್‌ನ ಬಳ್ಳಾರಿ–ಚಿಕ್ಕಜಾಜೂರು ಮಾರ್ಗವನ್ನು 3,342 ಕೋಟಿ ರೂಪಾಯಿ ವೆಚ್ಚದಲ್ಲಿ ಜೋಡಿ ಹಳಿಯಾಗಿಸಲು ಒಪ್ಪಿಗೆ ಕೊಟ್ಟದ್ದನ್ನೂ, ಅಮೃತ ಭಾರತ ಯೋಜನೆಯಲ್ಲಿ ಮುನಿರಾಬಾದ್ ನಿಲ್ದಾಣ ಹೊಸ ರೂಪ ಪಡೆದು 2025ರ ಮೇ 22ರಂದು ಉದ್ಘಾಟನೆಯಾದದ್ದನ್ನೂ ಈ ಭಾಗದ ಜನ ನೆನೆಯುತ್ತಾರೆ. ಸಚಿವರಲ್ಲಿ ಕೇಳುವುದು ಎರಡು. ಒಂದು, ಬಳ್ಳಾರಿ–ಚಿಕ್ಕಜಾಜೂರು ಜೋಡಿ ಮಾರ್ಗ ಅದಿರು, ಕಲ್ಲಿದ್ದಲಿಗೆ ಎಷ್ಟು ಗಾಡಿಗಳ ಜಾಗ ಕೊಡುತ್ತದೆಂದು ಲೆಕ್ಕ ಹಾಕುವಾಗಲೇ ಪ್ರಯಾಣಿಕ ರೈಲುಗಳಿಗೆ ಇಷ್ಟು ಎಂದು ಬರೆದಿಡಿ, ರಾಯದುರ್ಗ, ಚಳ್ಳಕೆರೆಗಳ ಜನ ಆಮೇಲೆ ಅರ್ಜಿ ಹಿಡಿದು ಅಲೆಯುವಂತಾಗಬಾರದು. ಇನ್ನೊಂದು, ರಾಜ್ಯವೊಂದು ಹಣ ಕೊಟ್ಟು ರೈಲು ಕೇಳಿದರೆ ಅದರ ಹೆಚ್ಚುವರಿ ವೆಚ್ಚ ಎಷ್ಟು ಎಂಬುದನ್ನು ಮಾರ್ಗವಾರು ಪ್ರಕಟಿಸಿ. ಯಾತ್ರಾ ರೈಲಿಗೆ ದರಪಟ್ಟಿ ಇದೆ, ಸರಕಿಗೆ ದರಪಟ್ಟಿ ಇದೆ. ನಿತ್ಯ ಓಡಾಡುವವರ ರೈಲಿಗೂ ಅಂಥದೊಂದು ಇರಲಿ.

ಮಾನ್ಯ ಮುಖ್ಯಮಂತ್ರಿಗಳೇ, ಮುಂದಿನ ಬಜೆಟ್‌ನ ಪೂರ್ವಭಾವಿ ಸಭೆಗಳಿಗೆ ಮೊದಲು ಮೂಲಸೌಕರ್ಯ ಅಭಿವೃದ್ಧಿ ಇಲಾಖೆ, ಹಣಕಾಸು ಇಲಾಖೆ, ಕಲ್ಯಾಣ ಕರ್ನಾಟಕ ಮಂಡಳಿ ಮತ್ತು ನೈಋತ್ಯ ರೈಲ್ವೆಯ ಅಧಿಕಾರಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿ, ಹುಬ್ಬಳ್ಳಿ–ಬಳ್ಳಾರಿ ನಡುವಿನ ಒಂದು ಜೋಡಿ ಮೆಮು ರೈಲಿನ ವೆಚ್ಚದ ಅಂದಾಜು ತರಿಸಿಕೊಳ್ಳಿ ಎಂಬುದು ನನ್ನ ವಿನಂತಿ. ಸಭೆಯನ್ನು ಕೊಪ್ಪಳದಲ್ಲೋ ಬಳ್ಳಾರಿಯಲ್ಲೋ ಕರೆದರೆ ರೈಲು ಹತ್ತುವವರೂ ಬಂದು ಮಾತನಾಡಬಹುದು. ಅಂದಾಜು ಕೈಗೆ ಬಂದ ಮೇಲೆ ಅದನ್ನು ಪ್ರಕಟಿಸಿ. ಮೊತ್ತ ಹೆಚ್ಚಾಯಿತೋ ಸರಿಯಾಯಿತೋ ಎಂಬುದನ್ನು ಈ ಜಿಲ್ಲೆಗಳ ಶಾಸಕರು ಸದನದಲ್ಲಿ ಅಂಕಿ ಹಿಡಿದು ಚರ್ಚಿಸಲಿ, ಮತ್ತು ಬಜೆಟ್‌ನಲ್ಲಿ ಅದಕ್ಕೊಂದು ಲೆಕ್ಕಶೀರ್ಷಿಕೆ ತೆರೆಯಲಿ.

ತಮ್ಮ ವಿಶ್ವಾಸಿ,
ಕೊಪ್ಪಳ ಜಿಲ್ಲೆಯ ಒಬ್ಬ ರೈಲು ಪ್ರಯಾಣಿಕ